ಇಪ್ಪತ್ತು ಹಾಳೆ, ಎರಡು ಕೈ

ನನ್ನ ಪ್ರೋಗ್ರಾಮು ಸುಳ್ಳು ಹೇಳುತ್ತಿತ್ತು, ಇಲ್ಲವೇ ನಮ್ಮಜ್ಜ ಹೇಳುತ್ತಿದ್ದ. ಬೆಳಗಿನ ಎಂಟು ಗಂಟೆ. ಹನ್ನೊಂದಕ್ಕೆ ಚಿಕ್ಕೋಡಿಯ ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟ್ ಪರೀಕ್ಷೆ.

ಕುಂಚದಲ್ಲಿ ಬರೆದ ಚೀನೀ ಅಕ್ಷರಗಳ ಫೋಟೊ ಕೊಟ್ಟರೆ, ಗೆರೆ ಎಲ್ಲಿ ದಪ್ಪಗಾಗಿದೆ, ಕುಂಚ ಎಲ್ಲಿ ಎದ್ದಿದೆ ಎಂದು ಅಳೆದು, ಬರೆದ ಕೈಯನ್ನು ಗುರುತಿಸುವ ಪ್ರೋಗ್ರಾಮು ಅದು. ಹಳೆಯ ಚೀನೀ ಬರಹಗಳಲ್ಲಿ ಎಡವಿರಲಿಲ್ಲ. ಗೊತ್ತಿರುವ ಒಬ್ಬರಿಂದ ಬರೆಸಿಯೂ ನೋಡು ಎಂದಿದ್ದರು ಪ್ರಾಜೆಕ್ಟ್ ನೋಡಿಕೊಳ್ಳುವ ಸರ್. ನಮ್ಮೂರು ಏಕಸಂಬಿಯಲ್ಲಿ ಕುಂಚ ಎಂದರೆ ನಮ್ಮಜ್ಜ ಮುರಗೆಪ್ಪ. ಫ್ಲೆಕ್ಸ್ ಬಂದು ಉಳಿದ ಪೇಂಟರುಗಳನ್ನೆಲ್ಲ ನುಂಗಿದರೂ, ಕಬ್ಬಿನ ಟ್ರ್ಯಾಲಿಗೆ ಹೆಸರು ಬರೆಸಲು ಜನ ಇವತ್ತಿಗೂ ಅವನ ಬಳಿಗೇ ಬರುತ್ತಾರೆ. ಒಂದು ಚೀನೀ ಅಕ್ಷರದ ಮಾದರಿ ಕೊಟ್ಟು, ಅದನ್ನೇ ಇಪ್ಪತ್ತು ಹಾಳೆಯಲ್ಲಿ ಬರೆದಿಡಲು ಅವನಿಗೆ ಹೇಳಿ ಹೋಗಿದ್ದೆ. ಪ್ರೋಗ್ರಾಮು ಮೂರನ್ನು ಒಬ್ಬರವು, ಹದಿನೇಳನ್ನು ಇನ್ನೊಬ್ಬರವು ಎಂದಿತು. ಏಳು ಸಲ ಓಡಿಸಿದೆ. ಅದರದು ಒಂದೇ ಹಟ.

"ಅಜ್ಜಾ, ಖರೇ ಹೇಳು. ಎಲ್ಲಾ ನೀನ ಬರದಿಯೇನು?"

"ಮತ್ಯಾರ ಬರೀತಾರ? ನಿನ್ನ ಡಬ್ಬಿ ಕೆಟ್ಟೈತಿ."

ಡಬ್ಬಿ ಕೆಟ್ಟಿದ್ದರೆ ವರ್ಷದ ಕೆಲಸ ಮಣ್ಣುಪಾಲು.

"ಹಂಗಾರ ನನ್ನ ಮುಂದ ಒಂದ ಬರಿ."

ಅಜ್ಜ ಕುಂಚ ಅದ್ದಿದ. ಹಾಳೆಯ ಮೇಲೆ ಬಂದ ಕೈ ಗಡಗಡ ನಡುಗಿತು, ಮಸಿ ತೊಟ್ಟಿಕ್ಕಿತು. ಕೇಳಬಾರದಿತ್ತು ಅನ್ನಿಸಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಒಳಗಿನಿಂದ ನಮ್ಮ ಆಯಿ, ಅಜ್ಜನ ಹೆಂಡತಿ ಗಿರಿಜವ್ವ, ಬಂದವಳೇ ಕುಂಚ ಕಸಿದುಕೊಂಡು ಅದೇ ಅಕ್ಷರ ಎಳೆದಳು. ಆ ಹದಿನೇಳರಂಥದೇ.

"ಮೂರ ವರ್ಷಾತು ಇವರ ಕೈ ಹೋಗಿ. ಇವರು ಹೆಂಗೋ ಸೀಮಿಸುಣ್ಣದ ಗೆರಿ ಹಾಕತಾರ, ನಾ ಬಣ್ಣ ತುಂಬತೀನಿ. ಟ್ರ್ಯಾಲಿಗೋಳೆಲ್ಲಾ ನಂದ ಕೆಲಸ. ನಿನ್ನ ಹಾಳ್ಯಾಗೂ ಮೂರ ಬರಿಯೂದ್ರಾಗ ಇವರು ಸೋತ್ರು, ಉಳದದ್ದು ನಾ ಬರದೆ."

"ಆಯಿ, ನಿನಗ ಓದಾಕ ಬರೂದಿಲ್ಲಲ್ಲ!"

"ನನಗ ಚೀನಾದ್ದೂ ಅಷ್ಟ, ಕನ್ನಡಾನೂ ಅಷ್ಟ. ಗೆರಿ ಎಲ್ಲಿ ತಿರಗತೈತಿ ನೋಡಕೋತ ಹೋಗೂದು."

"ಆ ಹಾಳಿ ಹರದ ಒಗಿ," ಎಂದ ಅಜ್ಜ, ತಲೆ ಎತ್ತದೆ. "ಊರಾಗ ಗೊತ್ತಾದ್ರ ನಾ ಹ್ಯಾಂಗ ಮಾರಿ ತೋರಸಲಿ?"

ಹರಿದರೆ ನನ್ನ ಪ್ರಾಜೆಕ್ಟ್ ಹೋಯಿತು. ಇಟ್ಟರೆ, ವರದಿಯಲ್ಲಿ ಬರೆದವರ ಹೆಸರು ಹಾಕಲೇಬೇಕು. ಪರೀಕ್ಷಕರ ಮುಂದೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ, ಅಜ್ಜನ ಮರ್ಯಾದೆ ಕಳೆಯುವ ಧೈರ್ಯವೂ ಇರಲಿಲ್ಲ. ಆಯಿಯ ಮುಖ ನೋಡಿದೆ. ಅವಳು ಅಜ್ಜನನ್ನೇ ನೋಡುತ್ತಿದ್ದಳು.

"ನನ್ನ ಹೆಸರ ಹಾಕು, ಪ್ರಾಜಕ್ತಾ," ಎಂದಳು. "ಹಾಕಿದ ಮ್ಯಾಲ ನನಗೊಮ್ಮಿ ತೋರಸು. ಊರಮಂದಿ ಹೆಸರೆಲ್ಲಾ ಬರದೀನಿ. ನಂದು ಹ್ಯಾಂಗ ಇರತೈತಿ, ನೋಡೇ ಇಲ್ಲ."

ಅಜ್ಜ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕೂತು, ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಅವಳ ಹೆಸರಿನ ಮೊದಲ ಅಕ್ಷರ ಬರೆಯತೊಡಗಿದ.