ಆ ತುದಿಯ ಸಾಲು

"ಬಾಯಿ ಮುಚ್ಚೇ, ದರಿದ್ರ ಮುಂಡೆ! ಇದೇನು ಲಾಂಡ್ರಿನೋ, ನಿಮ್ಮಪ್ಪನ ಮನೆ ಜಗಲಿನೋ?"

ಮೇಸ್ತ್ರಿ ಬೈದದ್ದು ಕುಳ್ಳಿಯನ್ನು. ಅವಳ ಕೈಯಲ್ಲಿ ಆಸ್ಪತ್ರೆಯ ಚಾದರದ ಎರಡು ಮೂಲೆ, ಉಳಿದೆರಡು ಮೂಲೆ ಉದ್ದಕ್ಕನ ಕೈಯಲ್ಲಿ. ಒಬ್ಬಳು ಮೊಣಕಾಲುದ್ದ, ಇನ್ನೊಬ್ಬಳು ಬಾಗಿಲುದ್ದ. ಇಂಥ ಜೋಡಿ ಚಾದರ ಮಡಿಸುವುದೆಂದರೆ ಎತ್ತು ಏರಿಗೆ, ಕೋಣ ನೀರಿಗೆ. ಆದರೂ ಇಡೀ ಲಾಂಡ್ರಿಯಲ್ಲಿ ಅವರಷ್ಟು ಚೊಕ್ಕವಾಗಿ ಮಡಿಸುವವರಿರಲಿಲ್ಲ. ಅದಕ್ಕೆ ಕಾರಣ ಪದ. ಈ ತುದಿಯವಳು ಒಂದು ಸಾಲು ಕಟ್ಟಿ ಎಸೆಯಬೇಕು, ಆ ತುದಿಯವಳು ಪ್ರಾಸ ಕೂಡಿಸಿ ಮರುಸಾಲು ಹೇಳಬೇಕು. ಸಾಲು ಮುಗಿಯುತ್ತಲೇ ಉದ್ದಕ್ಕ ಬಗ್ಗುತ್ತಿದ್ದಳು, ಕುಳ್ಳಿ ತುದಿಗಾಲಲ್ಲಿ ನಿಲ್ಲುತ್ತಿದ್ದಳು, ಮೂಲೆಗೆ ಮೂಲೆ ಕೂಡುತ್ತಿತ್ತು.

ಅಂದು ಕುಳ್ಳಿ, "ಆಸ್ಪತ್ರೆ ಚಾದರ ಮಡಿಸೋ ಹೊತ್ತು" ಎಂದಿದ್ದಳು. ಉದ್ದಕ್ಕ, "ಯಜಮಾನ್ನ ಹೊಟ್ಟೇಲಿ ಯಾರ್ಯಾರ ತುತ್ತು" ಎಂದಿದ್ದಳು. ಗ್ರಹಚಾರ ನೋಡಿ, ಮೇಸ್ತ್ರಿಯ ಬೆನ್ನಿಗೆ ಲಾಂಡ್ರಿಯ ಯಜಮಾನನೇ ನಿಂತಿದ್ದ.

ಯಜಮಾನ ಸ್ವತಃ ಕವಿ. ಶನಿವಾರ ಬಂತೆಂದರೆ ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಕವಿಗೋಷ್ಠಿ ಇಟ್ಟು, ಊರಿನ ದೊಡ್ಡವರನ್ನು ಕರೆಸಿ, ಚಪ್ಪಾಳೆ ತಟ್ಟಲು ಕೆಲಸದವರನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದ. ಈಗ ಅವನು, ಕವಿತೆಯೆಂದರೆ ಓದು ಕಲಿತವರ ಸೊತ್ತು, ನಿಮ್ಮ ಗಟಾರದ ಬಾಯಿಗಲ್ಲ ಎಂದ. ಇನ್ನು ಮಡಿಸುವಾಗ ಬಾಯಿಬಿಟ್ಟವರು ಮನೆಗೆ ಹೋಗಬಹುದು ಎಂದ. ಕುಳ್ಳಿಯ ಗಂಡ ಸೊಂಟ ಮುರಿದು ಮಲಗಿದ್ದ. ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಪದ ನಿಂತದ್ದೇ ಎಲ್ಲ ಅಯೋಮಯವಾಯಿತು. ಉದ್ದಕ್ಕ ಬಗ್ಗುವ ಹೊತ್ತಿಗೆ ಕುಳ್ಳಿ ನೆಗೆದು, ಹಣೆಗೆ ಹಣೆ ಢಿಕ್ಕಿ ಹೊಡೆದು ಇಬ್ಬರಿಗೂ ಬುಗುಟು ಬಂತು. ಪಕ್ಕದ ಜೋಡಿ ಮೇಸ್ತ್ರಿಯ ಟೋಪಿಯನ್ನೇ ಚಾದರದೊಳಗೆ ಮಡಿಸಿಬಿಟ್ಟಿತು. ಅದು ಗಾಡಿ ಹತ್ತಿ ಆಸ್ಪತ್ರೆ ಸೇರಿತು. ಇದೆಲ್ಲ ಹಾಳಾಗಲಿ, ಹೊತ್ತೇ ಹೋಗುತ್ತಿರಲಿಲ್ಲ. ಬಟ್ಟೆ ನೆನೆಸುವ ಸೋಡಾ ನೀರು ಬೆರಳನ್ನು ಇಷ್ಟು ಕಚ್ಚುತ್ತದೆಂದು ಕುಳ್ಳಿಗೆ ಗೊತ್ತಾದದ್ದೇ ಆಗ.

"ಊಟ ಬಿಡು ಅಂದಿದ್ರೆ ಬಿಡ್ತಿದ್ದೆ ಕಣೇ. ಇದು ನನ್ ಕೈಲಿ ಆಗಲ್ಲ" ಎಂದು ಉದ್ದಕ್ಕ ನಲ್ಲಿಯ ಹತ್ತಿರ ಅತ್ತಳು.

ಶನಿವಾರ ಬಂತು. ಬಿಳಿ ಬಟ್ಟೆ ಹೊದಿಸಿದ ಮೇಜಿನ ಹಿಂದೆ ಕೂತ ಯಜಮಾನ ಕಣ್ಣು ಅರೆಮುಚ್ಚಿ ರಾಗ ತೆಗೆದ.

"ಬಾನಿನ ಚಂದಿರ, ನೀನೇಕೆ ದುಂಡು?"

ದೊಡ್ಡವರು ತಲೆದೂಗಲಿ ಎಂದು ಅಲ್ಲಿ ನಿಲ್ಲಿಸಿದ. ಹಿಂದೆ ಕೂತಿದ್ದ ಕುಳ್ಳಿಯ ಲೆಕ್ಕದಲ್ಲಿ ಸಾಲು ನಿಂತಿತೆಂದರೆ ಆ ತುದಿಯವರ ಸರದಿ. ಎಷ್ಟೋ ವರ್ಷದ ಅಭ್ಯಾಸ. ಕೈಗಳು ತಾವಾಗಿ ಮೇಲೆದ್ದವು, ಬಾಯಿ ತಾನಾಗಿ ತೆರೆಯಿತು.

"ಕಂಡೋರ ತಟ್ಟೇಲಿ ಇದ್ದಿದ್ದೆಲ್ಲ ಉಂಡು!"

ಹೇಳಿದ ಮೇಲೆ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಯಜಮಾನನ ಕೈ ಹೊಟ್ಟೆಗೆ ಹೋಯಿತು. ದೊಡ್ಡವರಲ್ಲೊಬ್ಬರು ಇದೂ ಕವಿತೆಯದೇ ಸಾಲೆಂದು ತಿಳಿದು "ವಾಹ್" ಎಂದುಬಿಟ್ಟರು. ಪಾಪ, ಯಜಮಾನ ಇನ್ನೇನು ಮಾಡಿಯಾನು? ದನಿ ಏರಿಸಿದ.

"ನನ್ನೆದೆಯ ತೋಟದಲಿ ಅರಳೀತು ಹೂವು..."

ಈ ಸಲದ್ದು ಅಭ್ಯಾಸವಲ್ಲ. ಕೆಲಸದವರು ಕೂತಿದ್ದ ಹಿಂದಿನ ಸಾಲಿಗೆ ಸಾಲೇ ಬಾಯಿಬಿಟ್ಟಿತು.

"ಸೋಡಾ ನೀರಲ್ಲಿ ನಮ್ ಬೆರಳೆಲ್ಲ ನೋವು!"

ಮೇಸ್ತ್ರಿ ಹಲ್ಲು ಕಡಿಯುತ್ತ ಕುಳ್ಳಿಯ ಹತ್ತಿರ ಬಂದ. "ನಾಳೆಯಿಂದ ಈ ಕಡೆ ತಲೆ ಹಾಕಬೇಡ ಕಣೇ, ಬೇವರ್ಸಿ."

ಕುಳ್ಳಿಗೆ ಗಂಡನ ಮುಖ ಕಣ್ಣ ಮುಂದೆ ಬಂತು. ಹೋಗುವ ಕೆಲಸ ಹೇಗೂ ಹೋಯಿತು. ಎದ್ದು ಸೀದಾ ಮುಂದೆ ನಡೆದು, ತಾನೇ ಒಗೆದಿದ್ದ ಮೇಜಿನ ಬಟ್ಟೆಯ ಈ ತುದಿ ಹಿಡಿದಳು. ಹಿಂದೆಯೇ ಬಂದ ಉದ್ದಕ್ಕ ನೀರಿನ ಲೋಟವನ್ನು ಬಹಳ ಮರ್ಯಾದೆಯಿಂದ ಯಜಮಾನನ ಕೈಗೆ ಕೊಟ್ಟು ಆ ತುದಿ ಹಿಡಿದಳು. ಬಟ್ಟೆ ಎದ್ದಿತು. ಮೇಜಿನ ಮರೆಯಲ್ಲಿ ಯಜಮಾನ ಉಂಡ ಹೊಟ್ಟೆಗೆ ಬಿಗಿಯೆಂದು ಬಿಚ್ಚಿಕೊಂಡು ಕೂತಿದ್ದ ಪ್ಯಾಂಟಿನ ಗುಂಡಿ ದೊಡ್ಡವರಿಗೂ ಕಂಡಿತು.

"ಮುಂದಿನ ಸಾಲು ಹೇಳಿ ಯಜಮಾನ್ರೇ" ಎಂದಳು ಕುಳ್ಳಿ. "ಇನ್ನೂ ಅರ್ಧ ಮಡಿಸೋದಿದೆ."