ಎತ್ತಿ ಹಿಡಿದ ಕೈ

ನರೇಗಲ್ಲಿನ ಮುರ್ತುಜಾಸಾಬರ ಎಡ ಮಣಿಕಟ್ಟಿಗೆ ಹೆಂಡತಿ ನಜ್ಮಾ ದಿನಾ ಮುಂಜಾನೆ ಬಿಪಿ ಮಷೀನು ಕಟ್ಟುತ್ತಿದ್ದಳು. ಅವಳ ಕಣ್ಣು ಮಂಜು. ಅಂಕಿ ಕಾಣಲೆಂದು ಆ ಕೈಯನ್ನು ಕಿಟಕಿಯ ಬೆಳಕಿಗೆ, ತಲೆಗಿಂತ ಮೇಲೆ, ಎತ್ತಿ ಹಿಡಿಯುತ್ತಿದ್ದಳು.

“ಕುಸ್ತಿ ಗೆದ್ದ ಪೈಲ್ವಾನನ ಗತೆ ಕೈ ಎತ್ತಸ್ತಿ ನೋಡ!” ಎಂದು ಅವರು ನಗುತ್ತಿದ್ದರು.

“ಸುಮ್ನ ಕುಂದರ್ರಿ. ನೂರಾ ಇಪ್ಪತ್ತು. ಭಾಳ ಚಲೋ ಐತಿ.”

ಅದನ್ನೇ ನಂಬಿ ಅವರು ದಿನಾ ನುಂಗುತ್ತಿದ್ದ ಬಿಪಿ ಗುಳಿಗೆ ಬಿಟ್ಟರು. ತಿಂಗಳೊಳಗೆ ಲಕ್ವಾ ಹೊಡೆದು ಎಡಗೈ, ಮಾತು ಎರಡೂ ಹೋದವು.

ನಜ್ಮಾ ಬಿಪಿ ನೋಡುತ್ತಿದ್ದ ಬಗೆ ಕೇಳಿ ದವಾಖಾನೆಯ ನರ್ಸ್ ಹೇಳಿದಳು: “ಚಾಚಿ, ಕೈ ಎದಿ ಮಟ್ಟಕ್ಕ ಇರಬೇಕ್ರಿ. ಮ್ಯಾಲೆತ್ತಿದ್ರ ಕಡಿಮಿ ತೋರಸ್ತೈತಿ.”

ನಜ್ಮಾ ಗಂಡನ ಮಂಚದ ಬಳಿ ಕುಳಿತಳು. “ಏನ್ರಿ, ನಾನ ತಪ್ಪ ನೋಡೀನ್ರಿ. ನನ್ನ ಕೈಯಾರೆ...”

ಮುರ್ತುಜಾಸಾಬರು ಬಲಗೈಯನ್ನು ಮೆಲ್ಲಗೆ ಚಾಚಿ ಅವಳ ಬಾಯಿ ಮುಚ್ಚಿದರು. ಆ ಅಂಗೈಯೊಳಗೇ ಅವಳು ಅತ್ತಳು.