ಟೈಟಲ್ ಹಾಡಿನ ಧಾಟಿಯಲ್ಲಿ

ಬೀದಿಯವರೆಲ್ಲ ನಲ್ಲಿಯಣ್ಣ ಎಂದು ಕರೆಯುವ ಆ ಪ್ಲಂಬರನದು ಮೊದಲೇ ಒಂದು ಕಡೆ ಕೂರುವ ಜಾಯಮಾನವಲ್ಲ. ಹೆಂಡತಿಯ ಮಾತು ನಿಂತ ಮೇಲಂತೂ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ, ಹೊರಗೆ ಹೋದರೆ ಮನಸ್ಸು ನಿಲ್ಲುತ್ತಿರಲಿಲ್ಲ. ಲಕ್ವ ಹೊಡೆದ ಅವಳ ಬಲಗೈ ಹೇಗೋ ಚೇತರಿಸಿಕೊಂಡಿತ್ತು. ನಾಲಿಗೆ ಮಾತ್ರ ಹಟ ಹಿಡಿದು ಕೂತಿತ್ತು. ಬೇರೆಯವರು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ತಾನು ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ಬಾರದಿದ್ದಾಗ ಕೈಗೆ ಸಿಕ್ಕಿದ ಲೋಟ ಗೋಡೆಗೆ ಹೋಗುತ್ತದೆ.

"ಅಮ್ಮಂಗೆ ನಮ್ಮ ಮೇಲೆ ಸಿಟ್ಟು ಕಣಪ್ಪಾ" ಎನ್ನುತ್ತಿದ್ದಳು ಮಗಳು.

"ನಿಮ್ಮಮ್ಮಂಗೆ ಯಾವತ್ತು ಸಿಟ್ಟಿರ್ಲಿಲ್ಲ, ಹೇಳು" ಎನ್ನುತ್ತ ಅವನು ಬಗ್ಗಿ ಲೋಟ ಎತ್ತಿಡುತ್ತಿದ್ದ.

ಮಾತು ಕಲಿಸುವ ಡಾಕ್ಟರಮ್ಮ ಒಂದು ದಿನ ಕೇಳಿದರು, "ಇವರು ಹಾಡ್ತಿದ್ರಾ?"

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಹಾಡುವುದೆಂದರೆ! ಟೀವಿಯಲ್ಲಿ ಬರುವ ಸೀರಿಯಲ್ಲುಗಳ ಟೈಟಲ್ ಹಾಡೆಲ್ಲ ಅವಳಿಗೆ ಬಾಯಿಪಾಠ. ಹಾಡು ಶುರುವಾದರೆ ಹಾಲು ಉಕ್ಕಿ ಒಲೆ ತುಂಬಿದರೂ ಅವಳು ಟೀವಿ ಮುಂದೆ ಹಾಜರು. ಹಾಡು ಮುಗಿದು ಅತ್ತೆ ಸೊಸೆಯರ ಜಗಳ ಶುರುವಾಯಿತೋ, ಎದ್ದು ಹೊರಟಳು. "ಕತೆ ನೋಡೋದು ಬೇಡ್ವೇನೇ?" ಎಂದರೆ, "ಕತೆ ಎಲ್ಲರ ಮನೇಲೂ ಇರುತ್ತೆ ಕಣ್ರೀ, ಹಾಡು ಎಲ್ಲಿರುತ್ತೆ?" ಎನ್ನುತ್ತಿದ್ದಳು. ಅವನೋ, ರಿಮೋಟ್ ಕೈಗೆ ಸಿಕ್ಕಿದರೆ ಆ ಹಾಡನ್ನೇ ಹಾರಿಸುವ ಆಸಾಮಿ.

"ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತೆ" ಎಂದರು ಡಾಕ್ಟರಮ್ಮ. "ಮೊದಲು ಹಾಡಿಸಿ. ಆಮೇಲೆ ಅದೇ ಧಾಟಿಗೆ ದಿನಬಳಕೆ ಮಾತು ಹಾಕಿ ನೀವು ಹಾಡಿ. ನಿಧಾನ ಆಗಬಹುದು, ಬಿಡಬೇಡಿ."

ಅವತ್ತೇ ಸಂಜೆ ಮನೆಯಲ್ಲಿ ಅವಳಿಗೆ ಒಂದು ನಗೆ ಸೀರಿಯಲ್ಲಿನ ಹಾಡು ಹಾಕಿದರು, ಕೂತವರೂ ಕುಣಿಯಬೇಕು ಅಂಥ ಹಾಡು. ಅವಳು ಹಾಡಿಯೇಬಿಟ್ಟಳು, ಒಂದಕ್ಷರ ತಪ್ಪದೆ. ಮಗಳು ಗಳಗಳ ಅತ್ತಳು. ನಲ್ಲಿಯಣ್ಣ ಬರಿಗಾಲಲ್ಲಿ ಬೀದಿಗೆ ಓಡಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಬಂದ. ಬಂದವನೇ, "ಎಲ್ಲಿ, ಈಗ ನನ್ನ ಕರಿ ನೋಡೋಣ" ಎಂದ. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಲೋಟ ಗೋಡೆಗೆ ಹೋಯಿತು.

ಇನ್ನು ಉಳಿದದ್ದು ಅವನು ಹಾಡುವುದು. ಅವನ ಕಂಠವೋ ದೇವರಿಗೇ ಪ್ರೀತಿ. ಗಿರಾಕಿಗಳ ಮನೆಯ ಸಿಂಕಿನಡಿ ಅಂಗಾತ ಮಲಗಿ, ಪಾನಾ ತಿರುಗಿಸುತ್ತ, "ನೀರು ಬೇಕಾ, ಕಾಫಿ ಬೇಕಾ" ಎಂದು ಆ ಕುಣಿಯುವ ಧಾಟಿಯಲ್ಲೇ ಅಭ್ಯಾಸ ಮಾಡಿದ.

"ಕಾಫಿ ಏನೂ ಬೇಡಪ್ಪಾ, ನಲ್ಲಿ ಸೋರೋದು ನಿಂತ್ರೆ ಸಾಕು" ಎಂದಳು ಒಬ್ಬ ಮನೆಯೊಡತಿ.

ನಾಚಿಕೆಯಾಯಿತು, ಆದರೂ ಬಿಡಲಿಲ್ಲ. ಹೆಂಡತಿ ಇನ್ನು ಈ ಜನ್ಮದಲ್ಲಿ ತನ್ನನ್ನು ಬೈಯುವುದೇ ಇಲ್ಲವೇನೋ ಎಂಬ ಯೋಚನೆ ಒಂದು ಗಳಿಗೆಯೂ ಬಿಡುತ್ತಿರಲಿಲ್ಲ.

ಸಂಜೆಯಾದರೆ ಅವಳ ಕುರ್ಚಿಯ ಮುಂದೆ ಕೂತು ಹಾಡುತ್ತಿದ್ದ. ಧಾಟಿ ಮೇಲೇರುವ ಜಾಗದಲ್ಲಿ ದಿನಾ ಜಾರುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಒಂದು ಸಂಜೆ ಹಾಗೆಯೇ ಜಾರಿದಾಗ ಅವಳು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ತಡೆಯಲಾರದೆ ತಾನೇ ಎತ್ತಿಕೊಂಡಳು: "ನೀರು... ಬೇಕು..." ಧಾಟಿ ಏರಬೇಕಾದಲ್ಲಿ ಸರಿಯಾಗಿ ಏರಿತು.

ಮಗಳು ಓಡಿಹೋಗಿ ನೀರು ತಂದಳು. ಅಮ್ಮ ಅದನ್ನು ಮುಟ್ಟಲಿಲ್ಲ. ಗಂಡನ ಕೈ ಬಿಡದೆ, ಅದೇ ಕುಣಿಯುವ ಧಾಟಿಗೆ ಒಂದೊಂದೇ ಮಾತು ತಡಕಾಡಿ ಕೂಡಿಸಿದಳು: "ನಂಗೆ... ಭಯ... ನಂಗೆ ಭಯ ರೀ..."

ಸಿಟ್ಟಲ್ಲ. ಇಷ್ಟು ದಿನವೂ ಅದು ಸಿಟ್ಟಾಗಿರಲಿಲ್ಲ. ಅವಳಿಗೆ ಮಾತು ಅರ್ಥವಾಗುತ್ತದೆ, ಅವನು ಮಾತಿನಲ್ಲೇ ಹೇಳಬಹುದಿತ್ತು. ಆದರೂ ಹಾಡಿದ: "ನಂಗೂ ಭಯ ಕಣೇ, ನಂಗೂ ಭಯ."

ಮೇಲೇರುವಲ್ಲಿ ಮತ್ತೆ ಜಾರಿದ. ಅವಳು ತಿದ್ದಲಿಲ್ಲ.